ಕುಲುಮೆ ಕೆಲ್ಸ, ಏಳನೇ ತಿಂಗಳು: ಮಚ್ಚಿಗೆ ಹದ ಕೂತ್ಕೊಳ್ತಿದೆ

ಈ ತಿಂಗಳು ಒಂಬತ್ತು ಮಚ್ಚು ಹೊಡ್ದೆ, ಆರು ಹಾಳಾಗ್ದೆ ನಿಂತಿದೆ, ಅದ್ರಲ್ಲಿ ನಾಲ್ಕು ಮಾರಾಟ ಆಯ್ತು. ತುಂಬಾ ಖುಷಿ ಇದೆ ಅದಕ್ಕೇ ಇವತ್ತೇ ಬರೀತಿದ್ದೀನಿ.

ಹೊಸಬ್ರಿಗೆ: ನಾನು ಐಟಿಐ ಫಿಟ್ಟರ್, ಆರು ವರ್ಷ ಫ್ಯಾಕ್ಟರೀಲಿದ್ದೆ, ಈಗ ಕಮ್ಮಾರಿಕೇನೇ ಜೀವನ ಮಾಡ್ಕೋಬೇಕು ಅಂತ ಮದ್ದೂರು ಹತ್ರ ನಮ್ಮೂರಲ್ಲಿ ಆಚಾರ್ರ ಕುಲುಮೇಲಿ ಕಲೀತಿದ್ದೀನಿ. ಮದ್ದೂರು ಅಂದ್ರೆ ಎಳನೀರು, ಹಾಗಾಗಿ ಇಲ್ಲಿ ಮಚ್ಚಿಗೆ ಯಾವತ್ತೂ ಕೇಳೋರಿದ್ದಾರೆ.

ಮೊದಲ ಮೂರು ತಿಂಗಳು ಬರೀ ಚಮ್ಮಟಿಗೆ ಹೊಡೆಯೋದು, ಇದ್ದಿಲು ಒಡೆಯೋದು, ಆಮೇಲೆ ಹಾರೆ ಗುದ್ದಲಿ ತುದಿ ಕಾಸಿ ಬಡಿಯೋದು. ಬಡಿಯೋದು ಕೈಗೆ ಬಂತು. ಹದ, ಅಂದ್ರೆ ಅಲಗು ಚಕ್ಕೆ ಏಳ್ದೆ ಮಡಚ್ದೆ ನಿಲ್ಲೋ ಹಾಗೆ ಕಾಸಿ ನೀರಿಗೆ ಅದ್ದೋದು, ಬರ್ಲಿಲ್ಲ. ಫ್ಯಾಕ್ಟರೀಲಿ ಹೀಟ್ ಟ್ರೀಟ್‌ಮೆಂಟ್ ಅಂದ್ರೆ ಫರ್ನೇಸಿಗೆ ನಂಬರ್ ಹಾಕೋದು, ಇಲ್ಲಿ ಕಣ್ಣೇ ಮೀಟರು.

ನಾವು ಬಳಸೋದು ಹಳೇ ಲಾರಿ ಸ್ಪ್ರಿಂಗ್ ಪ್ಲೇಟು. ಅದ್ರಲ್ಲಿ ಕಾರ್ಬನ್ 0.5ರಿಂದ 0.6 ಪರ್ಸೆಂಟ್ ಇರತ್ತೆ ಅದಕ್ಕೇ ಗಡುಸಾಗತ್ತೆ, ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್, ಮೆತ್ತನೆ ಕಬ್ಬಿಣ) ಪಟ್ಟೀಲಿ 0.2 ಆಸುಪಾಸು ಅಷ್ಟೇ, ಅದನ್ನ ಎಷ್ಟು ಕಾಸಿ ಅದ್ದಿದ್ರೂ ಅಲಗು ನಿಲ್ಲಲ್ಲ. ಹೋದ ತಿಂಗಳು ನಾನು ಮಚ್ಚನ್ನ ಹಳದಿ ಆಗೋವರ್ಗೂ ಕಾಸಿ ಪೂರ್ತಿ ನೀರಿಗೆ ಹಾಕ್ಬಿಟ್ಟೆ, ಟಿಣ್ ಅಂತ ಸದ್ದು ಬಂತು, ಅಲಗಿಂದ ಬೆನ್ನಿನವರ್ಗೂ ಬಿರುಕು. ಎರಡು ದಿನದ ಕೆಲ್ಸ ಹೋಯ್ತು, ರಾತ್ರಿ ನಿದ್ದೆ ಬರ್ಲಿಲ್ಲ.

ಆಚಾರ್ರು ಬೈಲಿಲ್ಲ. "ಕಬ್ಬಿಣ ಕೂಗ್ತು ಕೇಳಿಸ್ತೇನ್ಲಾ ಮಗಾ" ಅಂದ್ರು, ಅಷ್ಟೇ.

ಈಗ ಮಾಡೋದು ಹೀಗೆ. ಕಾಸುವಾಗ ಹಳೇ ಸ್ಪೀಕರಿನ ಆಯಸ್ಕಾಂತ ಮುಟ್ಟಿಸಿ ನೋಡ್ತೀನಿ. ಸುಮಾರು 770 ಡಿಗ್ರಿಗೆ ಕಬ್ಬಿಣ ಆಯಸ್ಕಾಂತಕ್ಕೆ ಅಂಟೋದು ಬಿಡತ್ತೆ, ಅಲ್ಲಿಂದ ಇನ್ನೊಂಚೂರು ಕಾವು ಏರಿಸಿ ಅಲಗು ಮಾತ್ರ ಒಂದು ಬೆರಳಷ್ಟು ನೀರಿಗೆ, ಒಂದೇ ಕಡೆ ಹಿಡೀದೆ ಆಡಿಸ್ತಾ. ಬೆನ್ನು ಇನ್ನೂ ಕೆಂಪಗಿರುವಾಗ್ಲೇ ಆಚೆ ತೆಗ್ದು ಇಟ್ಟಿಗೆ ಚೂರಲ್ಲಿ ಅಲಗು ಉಜ್ಜಿ ಹೊಳಪು ಮಾಡ್ಬೇಕು. ಆಗ ಬೆನ್ನಲ್ಲಿ ಉಳಿದ ಕಾವು ನಿಧಾನಕ್ಕೆ ಅಲಗಿನ ಕಡೆ ಇಳೀತಾ ಬರತ್ತೆ, ಜೊತೆಗೆ ಬಣ್ಣ ಓಡತ್ತೆ, ಮೊದ್ಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ. ಹುಲ್ಲಿನ ಬಣ್ಣ ಅಂದ್ರೆ 220-230 ಡಿಗ್ರಿ, ನೀಲಿ ಅಂದ್ರೆ 300ರ ಹತ್ರ. ಅದನ್ನ ನೋಡ್ತಾ ನಿಲ್ಲೋದೇ ನಂಗೆ ಈ ಕೆಲ್ಸದಲ್ಲಿ ಎಲ್ಲಕ್ಕಿಂತ ಇಷ್ಟ.

ಹುಲ್ಲಿನ ಬಣ್ಣಕ್ಕೇ ನಿಲ್ಲಿಸಿದ ಎರಡು ಮಚ್ಚು ಕರಟಕ್ಕೆ ಬಿದ್ದ ತಕ್ಷಣ ಅಲಗು ಚಕ್ಕೆ ಎದ್ದೋಯ್ತು. ನೀಲಿ ದಾಟಿ ಹೋದ ಒಂದು ಮೆತ್ತಗಾಗಿ ಮಡಚ್ಕೊಳ್ತು. ಎಳನೀರು ಮಚ್ಚಿಗೆ ನೇರಳೆ ಮುಗ್ದು ನೀಲಿ ಶುರುವಾಗೋ ಜಾಗ ಸರಿ, ಅಲ್ಲಿ ಮತ್ತೆ ನೀರಿಗೆ ಹಾಕಿ ನಿಲ್ಲಿಸ್ಬೇಕು.

ಇನ್ನೊಂದು ತಡವಾಗಿ ಅರ್ಥ ಆಗಿದ್ದು, ಕೆಂಪು ನೋಡೋಕೆ ಕತ್ತಲೆ ಬೇಕು, ಹದದ ಬಣ್ಣ ನೋಡೋಕೆ ಬೆಳಕು ಬೇಕು. ಆಚಾರ್ರು ಒಲೆ ಮೂಲೇಲಿ ಇಟ್ಟು, ಉಜ್ಜೋಕೆ ಮಾತ್ರ ಬಾಗಿಲ ಹತ್ರ ಬರೋದು ಯಾಕೆ ಅಂತ ಆರು ತಿಂಗಳು ನಾನು ಕೇಳೇ ಇರ್ಲಿಲ್ಲ.

ದುಡ್ಡಿನ ವಿಷ್ಯ ತುಂಬಾ ಜನ ಕೇಳ್ತೀರ. ಹೊಸ ಮಚ್ಚು 600ಕ್ಕೆ ಕೊಟ್ಟೆ, ಹಳೇದು ತಟ್ಟಿ ಕೊಡೋದಕ್ಕೆ 100. ಸದ್ಯಕ್ಕೆ ಹಳೇದು ತಟ್ಟೋದ್ರಿಂದ್ಲೇ ಜಾಸ್ತಿ ಬರ್ತಿರೋದು, ಫ್ಯಾಕ್ಟರಿ ಸಂಬಳದ ಅರ್ಧನೂ ಆಗಿಲ್ಲ, ಆದ್ರೂ ಬಿಡಲ್ಲ. ಪಿಎಂ ವಿಶ್ವಕರ್ಮ ಯೋಜನೇಲಿ 18 ಕಸುಬಿನ ಪೈಕಿ ಕಮ್ಮಾರಿಕೇನೂ ಇದೆ, ತರಬೇತಿಗೆ ದಿನಕ್ಕೆ 500, ಸಲಕರಣೆಗೆ 15,000. ಆಚಾರ್ರ ಕೈಲಿ ಅರ್ಜಿ ಹಾಕಿಸ್ತಿದ್ದೀನಿ, ಮೊದ್ಲು ಅವ್ರಿಗೆ ಒಳ್ಳೇ ಬ್ಲೋವರ್ ಬರ್ಲಿ. ಈಗಿರೋದು ಕೈಲಿ ತಿರುಗ್ಸೋದು, ಆಚಾರ್ರ ಮನೆ ಅಮ್ಮಾವ್ರೇ ತಿರುಗ್ಸೋದು, ಅವ್ರಿಗೆ ಭುಜ ನೋವು.

ನಿನ್ನೆ, ಮೂರು ವಾರದ ಹಿಂದೆ ಮೊದಲ ಮಚ್ಚು ತಗೊಂಡೋಗಿದ್ದ ಎಳನೀರು ಅಣ್ಣ ಬಂದ್ರು. ಎದೆ ಧಸಕ್ ಅಂತು. ಮಚ್ಚು ಈಸ್ಕೊಂಡು ಅಲಗಿನ ಮೇಲೆ ಬೆರಳಾಡಿಸ್ದೆ, ಒಂದು ಚಕ್ಕೆನೂ ಎದ್ದಿಲ್ಲ. "ಇದ್ರ ಹಂಗೇ ಇದ್ಕೂ ಮಾಡ್ಕೊಡು" ಅಂತ ಚೀಲದಿಂದ ಇನ್ನೊಂದು ಹಳೇ ಮಚ್ಚು ತೆಗ್ದು ಅಡಿಗಲ್ಲ ಮೇಲಿಟ್ರು.

ಮುಂದಿನ ತಿಂಗಳು ಕುಡ್ಲು. ಕಕ್ಕು, ಅಂದ್ರೆ ಅಲಗಿನ ಸಣ್ಣ ಹಲ್ಲು, ಹಾಕೋಕೆ ಆಚಾರ್ರು ಸಣ್ಣ ಉಳಿ ಕೊಟ್ಟಿದ್ದಾರೆ, ಭತ್ತದ ಕೊಯ್ಲಿಗೆ ಮುಂಚೆ ಹತ್ತಾದ್ರೂ ರೆಡಿ ಮಾಡ್ಬೇಕು.