ಅಪ್ಪನ ಜೀಪಿಗೆ ಬೇರೆ ಎಂಜಿನ್

ಸಕಲೇಶಪುರದ ತೋಟದಲ್ಲಿರುವ ಅಪ್ಪನ ಜೀಪನ್ನು ಬೆಂಗಳೂರಿಗೆ ತರಬೇಕು ಅನ್ನೋದು ಅವರು ಹೋದಾಗಿನಿಂದ ನನ್ನ ಆಸೆ. 1989ರ ಮಹೀಂದ್ರಾ ಎಂಎಂ 540. ಕಾಫಿ ಮೂಟೆ, ಗೊಬ್ಬರ ಹೊತ್ತಿದೆ. ಮಳೆಗಾಲದಲ್ಲಿ ನಮ್ಮನ್ನು ಶಾಲೆಗೂ ಮುಟ್ಟಿಸಿದೆ. ಕೆಸರಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಹಾಸನದ ಹೈವೇಯಲ್ಲಿ 80 ಮುಟ್ಟಿದರೆ ಎಂಜಿನ್ ಕಿರುಚುತ್ತದೆ, ಪಕ್ಕದವರ ಮಾತೇ ಕೇಳಿಸುವುದಿಲ್ಲ.

ಹಾಗಾಗಿ 62 ಕುದುರೆ ಶಕ್ತಿಯ ಹಳೆಯ ಪ್ಯೂಜೊ ಡೀಸೆಲ್ ಎಂಜಿನ್ ಇಳಿಸಿ, ಬೊಲೆರೊದ 2523 ಸಿಸಿ ಟರ್ಬೊ ಕೂರಿಸುವುದು ಅಂತ ತೀರ್ಮಾನಿಸಿದ್ದೆ. ಶಿವಾಜಿನಗರದ ಗುಜರಿಯಲ್ಲಿ ಒಂದನ್ನು ನೋಡಿಯೂ ಬಂದಿದ್ದೆ. ಒಂದು ಶನಿವಾರ ಜೀಪ್ ತಗೊಂಡು ಹಾಸನದ ಮೇಸ್ತ್ರಿ ಹತ್ತಿರ ಹೋದೆ. ಅಪ್ಪನ ಕಾಲದಿಂದಲೂ ಈ ಗಾಡಿ ನೋಡಿಕೊಂಡವರು ಅವರೇ.

ನಾನು ಹೇಳಿದ್ದನ್ನೆಲ್ಲ ಕೇಳಿ ಅವರು, "ಚಿಕ್ಕ ಗೌಡ್ರೇ, ಮೊದಲು ಹಿಂದಿನ ಎರಡೂ ಚಕ್ರ ಎತ್ತೋಣ" ಅಂದರು.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೆ ಜಾಕ್ ಏರಿಸಿ, ನ್ಯೂಟ್ರಲ್ ಮಾಡಿದೆವು. ಗೇರ್ ಬಾಕ್ಸ್ ಕಡೆಯಿಂದ ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದ ಸರಳು, ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಒಂದು ಚಕ್ರ ಅವರು, ಇನ್ನೊಂದು ನಾನು, ಒಟ್ಟಿಗೆ ಸರಿಯಾಗಿ ಒಂದು ಸುತ್ತು ತಿರುಗಿಸಿದೆವು. ಅವರ ಹುಡುಗ ಕೆಳಗೆ ಮಲಗಿ ಶಾಫ್ಟಿನ ಸುತ್ತು ಎಣಿಸಿದ. ಐದು, ಮೇಲೆ ಮೂರನೇ ಒಂದು ಪಾಲಿಗಿಂತ ಚೂರು ಜಾಸ್ತಿ.

"43 ಹಲ್ಲಿನ ಕ್ರೌನು, 8 ಹಲ್ಲಿನ ಪಿನಿಯನ್ನು. 5.38" ಅಂದರು. ಶಾಫ್ಟಿನ ತುದಿಯ ಚಿಕ್ಕ ಹಲ್ಲುಚಕ್ರ ಪಿನಿಯನ್, ಅದು ತಿರುಗಿಸುವ ದೊಡ್ಡದು ಕ್ರೌನ್. 43ನ್ನು 8ರಿಂದ ಭಾಗಿಸಿದರೆ 5.38, ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಅಷ್ಟು ಸುತ್ತಬೇಕು.

ಟೇಪ್ ಹಿಡಿದು ಟೈರಿನ ಸುತ್ತಳತೆ ನೋಡಿದೆವು, 2.25 ಮೀಟರ್. ಟಾಪ್ ಗೇರಿನಲ್ಲಿ ಎಂಜಿನ್ ಎಷ್ಟು ತಿರುಗುತ್ತದೋ ಶಾಫ್ಟೂ ಅಷ್ಟೇ. ನೆಲದ ಮೇಲೆಯೇ ಗುಣಾಕಾರ ಮಾಡಿದೆವು. ಗಂಟೆಗೆ 80 ಕಿಲೋಮೀಟರ್ ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 3,190 ಸುತ್ತು.

"ಯಾವ ಎಂಜಿನ್ ಹಾಕಿದ್ರೂ ಈ ಕ್ರೌನ್ ಪಿನಿಯನ್ ಇರೋವರೆಗೆ ಅದೂ 3,190 ತಿರುಗಲೇಬೇಕು, ಅಲ್ವಾ?" ಅಂದರು ಮೇಸ್ತ್ರಿ.

ನನ್ನ ಹತ್ತಿರ ಉತ್ತರ ಇರಲಿಲ್ಲ. ತಿಂಗಳುಗಟ್ಟಲೆ ಶಕ್ತಿಯ ಲೆಕ್ಕವನ್ನೇ ಹಾಕಿದ್ದೆ. ಸುತ್ತಿನ ಲೆಕ್ಕ ಹಾಕಿರಲೇ ಇಲ್ಲ.

ಐದು ಗೇರಿನ ಬಾಕ್ಸ್ ಹಾಕಿದರೆ ಸುತ್ತು ಇಳಿಯುತ್ತದೆ ನಿಜ. ಆದರೆ ಅದು ಉದ್ದ. ಈ ಗಿಡ್ಡ ಗಾಡಿಯಲ್ಲಿ ಹಿಂದಿನ ಶಾಫ್ಟ್ ತೀರಾ ಮೋಟಾಗಿ ಅದರ ಓರೆ ಹೆಚ್ಚುತ್ತದೆ, ಜಾಯಿಂಟ್ ಬೇಗ ಹೋಗುತ್ತದೆ. ಅದರ ಬದಲು 39 ಹಲ್ಲಿನ ಕ್ರೌನ್ ಇರುವ 4.88ರ ಕ್ರೌನ್ ಪಿನಿಯನ್ ಜೋಡಿ ಹಾಕಿದರೆ 80ಕ್ಕೆ ಸುಮಾರು 2,890. ಮುನ್ನೂರು ಸುತ್ತು ಕಡಿಮೆ. ಮುಂದೆ ಹಿಂದೆ ಎರಡೂ ಕಡೆ ಬದಲಿಸಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಮುಂದಿನದೂ ಹಿಂದಿನದೂ ಒಂದನ್ನೊಂದು ಎಳೆದಾಡುತ್ತವೆ. ಏರಿನಲ್ಲಿ ಎಳೆತ ಸ್ವಲ್ಪ ತಗ್ಗುತ್ತದೆ, ಆದರೆ ಲೋ ಗೇರ್ ಇದ್ದೇ ಇದೆ. ವೇಗದ ಮೀಟರ್ ಓಡುವುದು ಶಾಫ್ಟಿನ ಸುತ್ತಿನಿಂದ, ಹಾಗಾಗಿ ಅದು ಮಾತ್ರ 80ಕ್ಕೆ 73ರ ಹತ್ತಿರ ತೋರಿಸುತ್ತದೆ. ಅದನ್ನೂ ಸರಿ ಮಾಡಿಸಬೇಕು.

ಆಮೇಲೆ ಅವರು ಬ್ರೇಕಿನ ವಿಷಯಕ್ಕೆ ಬಂದರು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಡಿಸ್ಕ್ ಇಲ್ಲ. "ಓಡಿಸೋದಿರಲಿ, ನಿಲ್ಲಿಸೋದು ಹೇಗೆ?" ಆರ್‌ಸಿಯಲ್ಲಿರುವ ಎಂಜಿನ್ ನಂಬರೂ ಕೇಳಿದರು. ಆರ್‌ಟಿಒ ಒಪ್ಪಿಗೆಯಿಲ್ಲದೆ ಬೇರೆ ಜಾತಿಯ ಎಂಜಿನ್ ಹಾಕಿ, ನಾಳೆ ಅಪಘಾತವಾದರೆ ಇನ್ಶೂರೆನ್ಸಿನವರ ಮುಂದೆ ಏನು ಹೇಳೋದು? ಈ ಎರಡು ಮಾತು ನನಗೆ ನಿಜಕ್ಕೂ ತಟ್ಟಿದವು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು.

ಸಂಜೆ ತೋಟಕ್ಕೆ ವಾಪಸ್ ಹೊರಟೆ. ಅಪ್ಪ ಯಾವತ್ತೂ 55ರ ಮೇಲೆ ಹೋಗುತ್ತಿರಲಿಲ್ಲ. ಚಿಕ್ಕವನಿದ್ದಾಗ ನನಗೆ ಅದು ಬೇಸರ ತರಿಸುತ್ತಿತ್ತು. ಈಗ ದಾರಿಯಲ್ಲಿ ಮನಸ್ಸಿನಲ್ಲೇ ಗುಣಿಸಿದೆ. 55ಕ್ಕೆ ಸುಮಾರು 2,190 ಸುತ್ತು. ಈ ಎಂಜಿನ್ನಿನ ಎಳೆತ ಅತಿ ಹೆಚ್ಚು ಇರುವುದು 2,000ದ ಆಸುಪಾಸಿನಲ್ಲಿ. ಜೀಪಿನಲ್ಲಿ ಆರ್‌ಪಿಎಂ ಮೀಟರೇ ಇಲ್ಲ. ಅವರು ಬರೀ ಕಿವಿಯಿಂದ ಕಂಡುಕೊಂಡಿದ್ದರು.

ಬಾಳ್ಳುಪೇಟೆ ದಾಟುವವರೆಗೂ ಮುಳ್ಳನ್ನು 55ರಲ್ಲೇ ಇಟ್ಟುಕೊಂಡು ಆ ಸದ್ದು ಕೇಳಿದೆ. ಮನೆ ಮುಟ್ಟಿದ ಮೇಲೆ ಮೇಸ್ತ್ರಿಗೆ ಫೋನ್ ಮಾಡಿ, ಮೊದಲು ಬ್ರೇಕು, ಆಮೇಲೆ ಕ್ರೌನ್ ಪಿನಿಯನ್, ಎಂಜಿನ್ ಇದೇ ಇರಲಿ ಅಂದೆ.