ಕಿತ್ತಳೆ ಜಾಗದಲ್ಲಿ ಕಂದು ತಂತಿ

ಕಂಪ್ಯೂಟರ್ ಜೋಡಿಸುವ ಕೆಲಸ ಅರ್ಧ ದಿನದಲ್ಲಿ ಮುಗಿದಿತ್ತು. ಸ್ವಸಹಾಯ ಸಂಘದ ಲೆಕ್ಕ ಬರೆಯಲು ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಒಂದು ಕಂಪ್ಯೂಟರ್ ಬೇಕಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದೊಂದೇ ಭಾಗ ಕೊಂಡು ಶಿರಸಿ ಹತ್ತಿರದ ನಮ್ಮೂರಿಗೆ ತಂದಿದ್ದೆ. ರೈಜನ್ 5 5600ಜಿ ಪ್ರೊಸೆಸರ್, 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ. ಈ ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದೆ, ಬೇರೆ ಕಾರ್ಡ್ ಬೇಕಾಗಲಿಲ್ಲ. ಅಟ್ಟದ ಮೇಲೆ ಅಡಿಕೆ ಚೀಲ ಸರಿಸಿ, ಮೇಜು ಹಾಕಿ, ಪೆನ್‌ಡ್ರೈವಿನಿಂದ ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಎಲ್ಲ ಚೆನ್ನಾಗಿಯೇ ಆಯಿತು. ನೆಟ್ ಮಾತ್ರ ಬರಲಿಲ್ಲ.

ರೌಟರ್ ಇರುವುದು ಜಗಲಿಯಲ್ಲಿ. ಮಣ್ಣಿನ ದಪ್ಪ ಗೋಡೆ ದಾಟಿ ವೈಫೈ ಅಟ್ಟಕ್ಕೆ ಬರುವುದಿಲ್ಲ. ನಾನು ತಂದ ಮದರ್‌ಬೋರ್ಡಿನಲ್ಲಿ ವೈಫೈ ಕೂಡ ಇಲ್ಲ. ಹಾಗಾಗಿ ಹಿಂದೆಂದೋ ಗೋಡೆಯೊಳಗಿನ ಪೈಪಿನಲ್ಲಿ ಎಳೆದಿಟ್ಟ ಲ್ಯಾನ್ ಕೇಬಲ್ಲೇ ಗತಿ. ಅದನ್ನು ಚುಚ್ಚಿದರೆ ಲೈಟ್ ಹತ್ತಲೇ ಇಲ್ಲ.

"ತಮಾ, ಇಲಿ ಕಡದಿಕ್ಕು, ನೋಡು" ಎಂದಳು ಆಯಿ.

ಹೊರಗೆ ಆಷಾಢದ ಮಳೆ. ಹೊಸ ಕೇಬಲ್ ಬೇಕೆಂದರೆ ಪೇಟೆಗೆ ಹೋಗಬೇಕು. ಕೈಯಲ್ಲಿ ಇದ್ದದ್ದು ಒಂದು ಮಲ್ಟಿಮೀಟರ್, ಸ್ಕ್ರೂಡ್ರೈವರ್, ಸುಮ್ನೆ ಇರಲಿ ಎಂದು ಕೊಂಡಿದ್ದ, ಲ್ಯಾನ್ ಕೇಬಲ್ಲಿನ ತುದಿಗೆ ಹಾಕುವ ನಾಲ್ಕು ಆರ್‌ಜೆ45 ಕನೆಕ್ಟರ್. ಎರಡೂ ತುದಿ ಕತ್ತರಿಸಿ ತಂತಿಗಳ ಸಿಪ್ಪೆ ಸುಲಿದೆ. ಕೇಬಲ್ಲಿನಲ್ಲಿ ಕಿತ್ತಳೆ, ಹಸಿರು, ನೀಲಿ, ಕಂದು ಎಂದು ನಾಲ್ಕು ಜೋಡಿ ಇರುತ್ತವೆ. ಆಯಿ ಜಗಲಿಯಲ್ಲಿ ನಿಂತು ನಾನು ಕೂಗಿದ ಬಣ್ಣದ ಜೋಡಿಯ ಎರಡು ತುದಿಗಳನ್ನು ಸೇರಿಸಿ ಹಿಡಿಯುತ್ತಿದ್ದಳು, ನಾನು ಅಟ್ಟದಲ್ಲಿ ಮೀಟರ್ ಇಟ್ಟು ಬೀಪ್ ಕೇಳುತ್ತಿದ್ದೆ. ಹಸಿರು, ನೀಲಿ, ಕಂದು ಮೂರಕ್ಕೂ ಬೀಪ್ ಬಂತು. ಕಿತ್ತಳೆಗೆ ಬರಲಿಲ್ಲ. ತುಂಡಾದ ಜಾಗ ಪೈಪಿನೊಳಗೆ ಎಲ್ಲಿದೆಯೋ, ಬಿಚ್ಚಿ ನೋಡುವ ಹಾಗಿರಲಿಲ್ಲ.

ಆಗ ನೆನಪಾಯಿತು. 1,000 ಎಂಬಿಪಿಎಸ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. 100ಕ್ಕೆ ಎರಡು ಜೋಡಿ ಸಾಕು: 1, 2, 3, 6ನೇ ಪಿನ್‌ಗಳು. ನಮ್ಮ ಪ್ಲ್ಯಾನ್ ಇರುವುದೇ 50 ಎಂಬಿಪಿಎಸ್, ಅಲ್ವಾ? ಸಾಮಾನ್ಯ ಜೋಡಣೆಯಲ್ಲಿ 1 ಮತ್ತು 2ರಲ್ಲಿ ಕಿತ್ತಳೆ ಬರಬೇಕು. ಅಲ್ಲಿ ಕಂದು ಜೋಡಿ ಕೂರಿಸಿದೆ. ಹಸಿರು, ನೀಲಿ ತಮ್ಮ ಜಾಗದಲ್ಲೇ ಉಳಿದವು. ಇಲ್ಲಿ ಒಂದು ಎಚ್ಚರ ಬೇಕು. ಯಾವ ತಂತಿಯಾದರೂ ನಡೆಯುತ್ತದೆ ಎಂದು ಜೋಡಿ ಒಡೆಯಬಾರದು. ಒಂದಕ್ಕೊಂದು ಹೆಣೆದುಕೊಂಡ ಎರಡು ತಂತಿ ಒಟ್ಟಿಗೇ ಹೋಗಬೇಕು, ಇಲ್ಲದಿದ್ದರೆ ಪಕ್ಕದ ತಂತಿಯ ಸಿಗ್ನಲ್ ಇದಕ್ಕೆ ಬೆರೆತು ಕೆಡುತ್ತದೆ. ಕನೆಕ್ಟರ್ ಒತ್ತುವ ಕ್ರಿಂಪಿಂಗ್ ಟೂಲ್ ಇರಲಿಲ್ಲ. ಎರಡೂ ಕನೆಕ್ಟರಿನ ಪಿನ್‌ಗಳನ್ನು ಸ್ಕ್ರೂಡ್ರೈವರಿನ ಚಪ್ಪಟೆ ತುದಿಯಿಂದ ಒಂದೊಂದಾಗಿ ಒತ್ತಿದೆ.

ಚುಚ್ಚಿದಾಗ ಲೈಟ್ ಹತ್ತಿತು, ಆರಿತು. ಮತ್ತೆ ಹತ್ತಿತು, ಆರಿತು.

ಲಿನಕ್ಸ್ ನನಗೆ ಇಷ್ಟವಾಗುವುದು ಇಂಥ ಹೊತ್ತಿನಲ್ಲಿ. ಒಳಗೆ ಏನಾಗುತ್ತಿದೆ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಅದರ ದಿನಚರಿಯಂಥ ಕರ್ನಲ್ ಲಾಗ್ ತೆರೆದರೆ ಲಿಂಕ್ ಬಂತು, ಲಿಂಕ್ ಹೋಯಿತು ಎಂಬ ಸಾಲುಗಳು. ಕಾರಣ ಗೊತ್ತಾಯಿತು. ಕಂಪ್ಯೂಟರೂ ರೌಟರೂ ಎರಡು ಜೋಡಿಯ ಮೇಲೆ ಮಾತಾಡಿಕೊಂಡು, ಇಬ್ಬರಿಗೂ 1,000 ಬರುತ್ತದೆ ಎಂದು ಒಪ್ಪುತ್ತಿದ್ದವು. ಆಮೇಲೆ ನಾಲ್ಕನೇ ಜೋಡಿ ಹುಡುಕಿ ಸೋಲುತ್ತಿದ್ದವು. ನನ್ನಲ್ಲಿ 100 ಮಾತ್ರ ಇದೆ ಎಂದು ಕಂಪ್ಯೂಟರೇ ಮೊದಲು ಹೇಳಬೇಕು. ಅದಕ್ಕೆ ನನಗೆ ಹೊಳೆದದ್ದು ಲ್ಯಾನ್ ವೇಗ ಹೊಂದಿಸುವ ಈಥ್‌ಟೂಲ್ ಎಂಬ ಪ್ರೋಗ್ರಾಮ್, ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು.

ಅಟ್ಟದ ಕಿಟಕಿಯಲ್ಲಿ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ. ಫೋನನ್ನು ಕಿಟಕಿಯ ಸರಳಿಗೆ ಕಟ್ಟಿ, ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಫೋನಿನ ನೆಟ್ ಕಂಪ್ಯೂಟರಿಗೆ ಕೊಡುವ ಟೆದರಿಂಗ್ ಒತ್ತಿದೆ. ಬೇರೆ ಡ್ರೈವರ್ ಏನೂ ಕೇಳದೆ ಡೆಬಿಯನ್ ಅದನ್ನು ಲ್ಯಾನ್ ಕಾರ್ಡಿನಂತೆಯೇ ಹಿಡಿದುಕೊಂಡಿತು. ಈಥ್‌ಟೂಲ್ ಚಿಕ್ಕ ಪ್ಯಾಕೇಜ್, ಬೇಗ ಇಳಿಯಿತು. ವೇಗ 100 ಎಂದು ಕೊಟ್ಟ ಕೂಡಲೇ ಲೈಟ್ ನಿಂತು ಉರಿಯಿತು. ಈ ಆಜ್ಞೆ ರೀಬೂಟ್ ಆದರೆ ಮರೆತುಹೋಗುತ್ತದೆ. ಅದಕ್ಕೆ ನೆಟ್ ಸೆಟ್ಟಿಂಗ್ ನೆನಪಿಟ್ಟುಕೊಳ್ಳುವ ನೆಟ್‌ವರ್ಕ್ ಮ್ಯಾನೇಜರಿನಲ್ಲೂ ಅದನ್ನೇ ಬರೆದಿಟ್ಟು, ಮೂರು ಸಲ ಆರಿಸಿ ಹಚ್ಚಿ ನೋಡಿದೆ. ಮೂರು ಸಲವೂ ಲೈಟ್ ನಿಂತು ಉರಿಯಿತು.

ರಾತ್ರಿ ಆಯಿ ಮೊದಲ ಸಲ ಕನ್ನಡದಲ್ಲಿ ಸಂಘದ ಸದಸ್ಯೆಯರ ಹೆಸರು ಟೈಪ್ ಮಾಡುತ್ತ ಕೂತಳು. ನಾನು ಎರಡು ಚೀಟಿ ಬರೆದು ಕೇಬಲ್ಲಿನ ಎರಡೂ ತುದಿಗೆ ಅಂಟಿಸಿದೆ: "ಕಿತ್ತಳೆ ತುಂಡಾಗಿದೆ. ಆ ಜಾಗದಲ್ಲಿ ಕಂದು ಇದೆ. ಎರಡೂ ಕಡೆ ಹೀಗೇ."