ಲಾಳಿ ಇಲ್ಲದ ಮಗ್ಗ

ಮೂರು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಬರೆದದ್ದಕ್ಕಿಂತ ಹೊಡೆದು ಹಾಕಿದ್ದೇ ಜಾಸ್ತಿ. ಕತೆ ಕಾಶ್ಮೀರದ ಶಾಲು ನೇಯುವವರದು. 1865ರ ಏಪ್ರಿಲ್ 29ರಂದು ಅವರು ತೆರಿಗೆ ತಾಳಲಾರದೆ ಶ್ರೀನಗರದಲ್ಲಿ ಬೀದಿಗಿಳಿದಿದ್ದರು. ಡೋಗ್ರಾ ರಾಜನ ಸೈನ್ಯ ಮೇಲೆ ಬಿತ್ತು. ಎಷ್ಟೋ ಜನ ಸತ್ತರು. ತಪ್ಪಿಸಿಕೊಳ್ಳಲು ಹೋಗಿ ನೀರಿನಲ್ಲಿ ಮುಳುಗಿದವರೂ ಇದ್ದರು.

ಮೊದಲ ಅಧ್ಯಾಯದ ಮೇಲೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ಮಗ್ಗದಲ್ಲಿ ನೂಲು ಹೊತ್ತು ಆ ಕಡೆ ಈ ಕಡೆ ಓಡುವ ಲಾಳಿಯ ಲಟಪಟ ಸದ್ದಿಗೆ ನಸುಕಿನಲ್ಲಿ ಕೇರಿ ಎಚ್ಚರಾಗುತ್ತದೆ. ನನ್ನ ನಾಯಕ ಮಗ್ಗದ ಮೇಲೆ ಅರಳುತ್ತಿರುವ ಹೂವನ್ನೇ ನೋಡುತ್ತಾ ಕೂತಿರುತ್ತಾನೆ. ಸ್ನೇಹಿತರಿಗೆ ಓದಿ ಹೇಳಿ ಶಹಬ್ಬಾಸ್ ಕೂಡ ಗಿಟ್ಟಿಸಿದ್ದೆ.

ಹೋದ ಅಕ್ಟೋಬರಿನಲ್ಲಿ ಕಾನಿಹಾಮಕ್ಕೆ ಹೋದೆ. ಶ್ರೀನಗರದಿಂದ ಗುಲ್ಮಾರ್ಗ್ ಕಡೆ ಹೋಗುವಾಗ ಸಿಗುವ ಊರು. ಕಾನಿ ಶಾಲಿಗೆ ಹೆಸರುವಾಸಿ. ಒಬ್ಬ ಹಿರಿಯ ನೇಕಾರರು ಮಗ್ಗದ ಪಕ್ಕದಲ್ಲೇ ಕೂರಿಸಿಕೊಂಡರು. ಹತ್ತು ನಿಮಿಷ ಕಾದೆ. ಸದ್ದೇ ಇಲ್ಲ. ಕೊನೆಗೆ ಲಾಳಿ ಎಲ್ಲಿ ಅಂತ ಕೇಳಹೊರಟೆ. ನನ್ನ ಹರಕು ಹಿಂದಿಯಲ್ಲಿ ಲಾಳಿಗೆ ಪದ ಸಿಗಲಿಲ್ಲ. ಕೈಯನ್ನು ಆ ಕಡೆ ಈ ಕಡೆ ಓಡಿಸಿ ತೋರಿಸಿದೆ.

"ಇದಕ್ಕೆ ಲಾಳಿ ಇಲ್ಲ, ಬೇಟಾ," ಅಂದರು.

ಇದ್ದದ್ದು ಕಡ್ಡಿಗಳು. ಬೆರಳುದ್ದದ, ತುದಿ ಚೂಪಾದ ಮರದ ಕಡ್ಡಿಗಳು. ಒಂದೊಂದಕ್ಕೂ ಒಂದೊಂದು ಬಣ್ಣದ ನೂಲು ಸುತ್ತಿತ್ತು. ಅವೇ ಕಾನಿ. ಕೆಂಪು ನೂಲು ನಾಲ್ಕು ಎಳೆ ದಾಟಿ ನಿಲ್ಲುತ್ತದೆ, ಪಕ್ಕದ ಹಸಿರಿನ ಜೊತೆ ಕೊಂಡಿ ಹಾಕಿಕೊಂಡು ಹಿಂದಕ್ಕೆ ತಿರುಗುತ್ತದೆ. ಹೀಗೆ ಕಡ್ಡಿ ಬದಲಿಸುತ್ತಾ ಬದಲಿಸುತ್ತಾ ಒಂದು ಸಾಲು. ಎದುರಿಗೆ ಹೂವಿನ ಚಿತ್ರವೂ ಇರಲಿಲ್ಲ. ಗೀಚಿದ ಹಾಗೆ ಕಾಣುವ ಒಂದು ಕಾಗದ ಇತ್ತು, ಅದೇ ತಾಲೀಮ್. ಯಾವ ಬಣ್ಣ, ಎಷ್ಟು ಎಳೆ ಅಂತ ಗುರುತುಗಳಲ್ಲಿ ಬರೆದಿರುತ್ತದೆ. ಅವರು ಅದನ್ನು ಬಾಯೊಳಗೇ ಗುನುಗುತ್ತಾ ಓದುತ್ತಿದ್ದರು, ನಮ್ಮಲ್ಲಿ ಮಗ್ಗಿ ಹೇಳಿದ ಹಾಗೆ.

ಸರಿ, ಸದ್ದು ಹೋಯಿತು. ಹೂವಾದರೂ ಉಳಿಯಿತಲ್ಲ ಅಂದುಕೊಂಡು ಬಟ್ಟೆಯ ಮೇಲೆ ಬಗ್ಗಿದೆ. ಬರೀ ನೂಲಿನ ತುದಿ, ಗೋಜಲು. ಅವರು ಕೆಳಗೆ ಬೆರಳು ತೋರಿಸಿದರು. ತಲೆ ತೂರಿಸಿ ಮಗ್ಗದಡಿಯಿಂದ ನೋಡಿದೆ. ಹೂವು ಅಲ್ಲಿತ್ತು, ನೆಲಕ್ಕೆ ಮುಖ ಮಾಡಿಕೊಂಡು. ನೇಯುವವರ ಕಡೆಗೆ ಇರುವುದು ಯಾವಾಗಲೂ ಹಿಂಭಾಗ! ನನ್ನ ನಾಯಕ ಮೂರು ವರ್ಷದಿಂದ ಏನನ್ನು ನೋಡುತ್ತಾ ಕೂತಿದ್ದನೋ.

ಮಧ್ಯಾಹ್ನ ಉಪ್ಪು ಹಾಕಿದ ನೂನ್ ಚಾಯ್ ಬಂತು. ಎರಡನೇ ಗುಟುಕಿಗೆ ರೂಢಿಯಾಯಿತು. ಕುಡಿಯುತ್ತಾ, ಬೆಳಗ್ಗೆಯಿಂದ ಎಷ್ಟು ನೇಯ್ದಿರಿ ಅಂತ ಕೇಳಿದೆ. ಹೆಬ್ಬೆರಳಿನ ಉಗುರು ತೋರಿಸಿದರು, ಅಷ್ಟೇ ಅಗಲ. ಒಂದು ಶಾಲಿಗೆ ವರ್ಷ ದಾಟುವುದೂ ಉಂಟಂತೆ. ಲಡಾಖಿನ ಚಾಂಗ್‌ಥಾಂಗ್‌ನಲ್ಲಿ ಕುರಿಗಾಹಿಗಳು ಮೇಕೆ ಬಾಚಿ ಉಣ್ಣೆ ತೆಗೆಯುವುದು, ಇಲ್ಲಿ ಹೆಂಗಸರು ಅದನ್ನು ನೂಲುವುದು, ಇದೆಲ್ಲಾ ಅದಕ್ಕೂ ಮುಂಚಿನ ಕೆಲಸ. ನನ್ನ ಕಾದಂಬರಿಯ ಕಾಲದಲ್ಲಿ ದಾಗ್ ಶಾಲ್ ಅನ್ನುವ ಇಲಾಖೆ ಶಾಲಿಗೆ ಮುದ್ರೆ ಒತ್ತಿ ತೆರಿಗೆ ವಸೂಲಿ ಮಾಡುತ್ತಿತ್ತು. ಈ ವಿಷಯ ನಾನು ಒಂದೂವರೆ ಪುಟ ಬರೆದಿದ್ದೆ. ಉಗುರಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ರಾತ್ರಿ ಲಾಡ್ಜಿನಲ್ಲಿ ಮೊದಲ ಅಧ್ಯಾಯ ತೆಗೆದು ಕೂತೆ. ಲಾಳಿ ಹೊಡೆದು ಹಾಕಿದೆ, ಅರಳುವ ಹೂವನ್ನೂ ಹೊಡೆದು ಹಾಕಿದೆ. ಕೇರಿ ಮಾತ್ರ ಇನ್ನೂ ಮಲಗಿಯೇ ಇದೆ. ಯಾವ ಸದ್ದಿಗೆ ಎಬ್ಬಿಸುವುದು ಅಂತ ನನಗೆ ಹೊಳೆದಿಲ್ಲ.